ಕೆನ್ನೆಗ್ಗಿಲಿನ ಚರಿತ್ರೆ

ಮಳೆಗಾಲದಲ್ಲಿ ಮೈಸೂರಿನಿಂದ ಗುಂಡ್ಲುಪೇಟೆಯ ಕಡೆಗೆ ಪ್ರಯಾಣ ಮಾಡುವ ನಗರವಾಸಿಗಳು ದಾರಿಯ ಎರಡು ಕಡೆಗಳಲ್ಲಿಯೂ ಹಬ್ಬಿರುವ ಸೂರ್ಯಕಾಂತಿಯ ಮತ್ತು ಚೆಂಡುಹೂವಿನ ಹೊಲಗಳನ್ನು ಕಂಡು, ವಾಹನವನ್ನು ನಿಲ್ಲಿಸಿ ನೋಡದೆ ಮುಂದೆ ಹೋಗುವುದಿಲ್ಲ. ಅದು ನೋಡತಕ್ಕ ನೋಟವೇ, ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಎರಡು ಹೂಗಳೂ ಅಮೆರಿಕಾ ಖಂಡದಿಂದ ಬಂದ ಅತಿಥಿಗಳು. ಅತಿಥಿಗಳನ್ನು ನೋಡುತ್ತ ನಿಂತವರ ಪಾದದ ಬಳಿಯಲ್ಲಿಯೇ, ಹೊಲದ ಬದುವಿನಲ್ಲಿಯೋ ರಸ್ತೆಯಂಚಿನ ಗಟ್ಟಿನೆಲದಲ್ಲಿಯೋ, ಚಾಪೆ ಹಾಸಿದಂತೆ ನೆಲಕ್ಕೆ ಅಂಟಿಕೊಂಡು ಹರಡಿರುವ ಮನೆಯ ಸಸ್ಯವೊಂದುಂಟು. ಅದರ ಹೆಸರು ಕೆನ್ನೆಗ್ಗಿಲು. ಅದರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂಬುದು ನಮ್ಮ ಉದ್ದೇಶ.

ದನ ಮೇಯುವ ಗಿಡಕ್ಕೂ ಒಂದು ಚರಿತ್ರೆಯೆ ಎಂದು ಕೆಲವರು ಕೇಳಬಹುದು. ಮನುಷ್ಯನು ಹೆಸರಿಟ್ಟು ಬಳಸಿದ ವಸ್ತುವಿಗೆಲ್ಲ ಚರಿತ್ರೆಯುಂಟೆಂಬುದೇ ನಮ್ಮ ಉತ್ತರ. ಈ ಸಸ್ಯವು ಯಾವ ಶಾಸನದಲ್ಲಿಯೂ ಹೆಸರು ಕೆತ್ತಿಸಿಕೊಳ್ಳಲಿಲ್ಲ. ಆದರೆ ಶಾಸನವನ್ನು ಹಾಕಿಸಿದ ರಾಜರ ದನಕರುಗಳು ಇಂಥ ಸಸ್ಯಗಳನ್ನು ಮೇಯ್ದೇ ಬದುಕಿದುವು. ಆದುದರಿಂದ ಮೊದಲು ಸಸ್ಯದ ಪರಿಚಯವನ್ನು ಮಾಡಿಕೊಂಡು, ಆಮೇಲೆ ಅದರ ಹೆಸರಿನ ಕಥೆಗೂ ಅದು ಬೆಳೆದ ಗೋಮಾಳದ ಕಥೆಗೂ ಬರೋಣ.

ಕೆನ್ನೆಗ್ಗಿಲು ಹುರುಳಿ, ತೊಗರಿ, ಅವರೆಗಳ ವಂಶಕ್ಕೆ ಸೇರಿದುದು. ಒಂದೇ ಬೇರಿನ ಬುಡದಿಂದ ಹಲವು ಕವಲುಗಳು ಎಲ್ಲ ದಿಕ್ಕುಗಳಿಗೂ ಹೊರಟು ನೆಲದ ಮೇಲೆ ಚಪ್ಪಟೆಯಾಗಿ ಮಲಗುವುವು. ಒಂದು ಗರಿಯಂಥ ಎಲೆಯಲ್ಲಿ ಸಾಮಾನ್ಯವಾಗಿ ಏಳು ಅಥವಾ ಒಂಬತ್ತು ಸಣ್ಣ ಎಲೆಗಳಿರುವುವು. ಎಲೆಯ ಕಂಕುಳಲ್ಲಿ ಒತ್ತೊತ್ತಾಗಿ ಕೆಂಪು ಹೂಗಳು ಬಿಡುವುವು. ಅವು ಎಷ್ಟು ಸಣ್ಣವೆಂದರೆ, ಬಗ್ಗಿ ನೋಡಿದವನಿಗೆ ಮಾತ್ರ ಅವರೆಯ ಹೂವಿನ ಆಕಾರವು ತಿಳಿಯುವುದು. ಕಾಯಿಯು ಅಕ್ಕಿಕಾಳಿಗಿಂತ ಉದ್ದವಾಗಿರುವುದಿಲ್ಲ; ಅದರೊಳಗೆ ಎರಡು ಬೀಜಗಳು. ನೆಲದ ಮೇಲೆ ಕಾಣುವುದು ಇಷ್ಟು ಅಲ್ಪವಾದರೂ ನೆಲದ ಕೆಳಗೆ ಅದರ ತಾಯಿಬೇರು ಬಹು ಆಳಕ್ಕೆ ಇಳಿದಿರುವುದು. ಈ ಬೇರಿನ ವಿಷಯವನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು. ಸಸ್ಯದ ಒಳ್ಳೆಯತನಕ್ಕೂ ಅದರಿಂದಾದ ಕೇಡಿಗೂ ಅದೇ ಕಾರಣವೆಂಬುದು ಮುಂದೆ ತಿಳಿದುಬರುವುದು.

ಇನ್ನು ಹೆಸರು. ಕೆನ್ನೀರು, ಕೆಂದಾವರೆ ಎಂಬಲ್ಲಿ ಇರುವ 'ಕೆಂ' ಎಂಬ ಶಬ್ದವೇ ಇಲ್ಲಿಯೂ ಇರುವುದು. ನೆಗ್ಗಿಲು ಎಂದರೆ ಬರಿಗಾಲಿನಲ್ಲಿ ನಡೆದವರೆಲ್ಲರಿಗೂ ಗೊತ್ತಿರುವ ನೆಗ್ಗಿಲಮುಳ್ಳು, ಸಂಸ್ಕೃತದಲ್ಲಿ ಗೋಕ್ಷುರ. ಅದಕ್ಕೆ ಐದು ಎಸಳುಗಳ ಹಳದಿಯ ಹೂವು, ಮುಳ್ಳಿನ ಕಾಯಿ. ನಮ್ಮ ಸಸ್ಯಕ್ಕೆ ಮುಳ್ಳಿಲ್ಲ, ಹೂವು ಹಳದಿಯಲ್ಲ, ವಂಶವೂ ಬೇರೆ. ಆದರೆ ಎರಡೂ ನೆಲದ ಮೇಲೆ ಒಂದೇ ರೀತಿಯಲ್ಲಿ ಹಾಸಿಕೊಳ್ಳುವುವು. ಎರಡರ ಎಲೆಯೂ ಗರಿಯ ಹಾಗೆ ಒಡೆದಿರುವುದು. ಹೆಸರಿಟ್ಟವನು ಹೋಲಿಕೆಯನ್ನು ನೋಡಿ ನೆಗ್ಗಿಲೆಂದನು. ಭೇದವನ್ನು ನೋಡಿ 'ಕೆಂ' ಎಂಬುದನ್ನು ಸೇರಿಸಿದನು. ದನದ ಕಾಲಿಗೆ ಚುಚ್ಚುವ ಗಿಡ ಯಾವುದು, ದನದ ಬಾಯಿಗೆ ಬರುವ ಗಿಡ ಯಾವುದು ಎಂಬುದನ್ನು ತಿಳಿಯಬೇಕಾಗಿದ್ದವರಿಗೆ ಈ ಭೇದವು ಮುಖ್ಯವಾಗಿದ್ದಿತು. ಆದುದರಿಂದ ಈ ಹೆಸರನ್ನು ಪಂಡಿತರು ಮನೆಯಲ್ಲಿ ಕುಳಿತು ಮಾಡಲಿಲ್ಲ; ದನದ ಹಿಂದೆ ನಡೆದವರೇ ಇಟ್ಟಿರಬೇಕು.

ಚಾಮರಾಜನಗರದ ಸೀಮೆಯು ಕನ್ನಡ ನಾಡಿನ ಅಂಚು. ಘಟ್ಟವನ್ನು ಇಳಿದರೆ ಸತ್ಯಮಂಗಲ, ತಮಿಳು ದೇಶ. ಅಲ್ಲಿ ಇದೇ ಸಸ್ಯಕ್ಕೆ ಚೆಪ್ಪುನೆರುಂಜಿಯೆಂದು ಹೆಸರು. ನೆರುಂಜಿ ಎಂದರೆ ನಮ್ಮ ನೆಗ್ಗಿಲೇ. ಚೆಪ್ಪು ಎಂದರೆ ತಾಮ್ರ. ತೆಲುಗಿನಲ್ಲಿ ಪಲ್ಲೇರು ಎಂಬುದು ನೆಗ್ಗಿಲು. ನಮ್ಮ ಸಸ್ಯವು ಅಲ್ಲಿ ಎರ್ರಪಲ್ಲೇರು, ಎಂದರೆ ಕೆಂಪು ಪಲ್ಲೇರು. ಮೂರು ಭಾಷೆಗಳವರೂ ಒಂದೇ ಗಿಡವನ್ನು ನೋಡಿ, ಒಂದೇ ಹೋಲಿಕೆಯನ್ನೂ ಒಂದೇ ಭೇದವನ್ನೂ ಹಿಡಿದು ಹೆಸರಿಟ್ಟಿರುವರು. ರಾಜ್ಯಗಳ ಎಲ್ಲೆಗಳು ಎಷ್ಟೋ ಸಲ ಬದಲಾದರೂ ದನಗಾಹಿಗಳ ಜ್ಞಾನಕ್ಕೆ ಈ ಘಟ್ಟಗಳು ಅಡ್ಡವಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ವಿದ್ವಾಂಸರು ಇಟ್ಟ ಹೆಸರು ಇಷ್ಟು ಸುಲಭವಾಗಿ ನಿಲ್ಲಲಿಲ್ಲ. ಸ್ವೀಡನ್ ದೇಶದ ಲಿನ್ನೇಯಸ್ ಮಹಾಶಯನು 1767ರಲ್ಲಿ ಇದನ್ನು ಹೆಡಿಸಾರಂ ಪ್ರಾಸ್ಟ್ರೇಟಂ ಎಂದು ಕರೆದನು. 1771ರಲ್ಲಿ ಅವನೇ ಮನಸ್ಸನ್ನು ಬದಲಾಯಿಸಿ, ಇದು ನೀಲಿಗಿಡದ ಕುಲದ್ದೆಂದು ಇಂಡಿಗೊಫೆರ ಎನ್ನಿಯಾಫಿಲ್ಲ, ಎಂದರೆ ಒಂಬತ್ತೆಲೆಯ ನೀಲಿ, ಎಂದನು. ಆದರೆ ಸಸ್ಯಗಳ ನಾಮಕರಣಕ್ಕೆ ನ್ಯಾಯಾಲಯದ ಕಟ್ಟಳೆಗಳಿಗಿಂತ ಬಿಗಿಯಾದ ಕಟ್ಟಳೆಗಳುಂಟು. ಅವುಗಳ ಪ್ರಕಾರ ಎರಡನೆಯ ಹೆಸರು ಊರ್ಜಿತವಲ್ಲವೆಂದು ಕಂಡುಬಂದುದರಿಂದ 1958ರಲ್ಲಿ ಎಸ್. ಐ. ಅಲಿ ಎಂಬ ಸಸ್ಯಶಾಸ್ತ್ರಜ್ಞರು ಲಿನ್ನೇಯಸನ ನೆನಪಿಗಾಗಿ ಇಂಡಿಗೊಫೆರ ಲಿನ್ನೇಯೈ ಎಂದು ಹೊಸ ಹೆಸರನ್ನು ಕೊಟ್ಟರು. ಇಂದಿಗೂ ಅದೇ ಸಾಧುವಾದ ಹೆಸರು. ಇಂಡಿಗೊಫೆರ ಎಂದರೆ ನೀಲಿಯನ್ನು ಹೊರುವುದು ಎಂದರ್ಥ. ಬಂಗಾಳದ ರೈತರನ್ನು 1859ರಲ್ಲಿ ದಂಗೆಗೆ ಎಬ್ಬಿಸಿದ ನೀಲಿಯ ಬೆಳೆ ಇದರ ದಾಯಾದಿಯೇ. ನಮ್ಮ ಕೆನ್ನೆಗ್ಗಿಲಾದರೋ ಯಾವ ತೋಟಗಾರನನ್ನೂ ಧನಿಕನನ್ನಾಗಿ ಮಾಡಲಿಲ್ಲ.

ಹೆಸರು ಬದಲಾಯಿಸುವ ಚಪಲವು ಶಾಸ್ತ್ರಜ್ಞರಿಗೆ ಮಾತ್ರ ಇದ್ದಿತೆಂದು ಹೇಳಲಾಗದು. ಇಂದಿನ ಚಾಮರಾಜನಗರವು ಹಿಂದೆ ಅರಿಕುಠಾರವಾಗಿದ್ದಿತು. ತಮ್ಮ ತಂದೆಯವರಾದ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಕಾರಣದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟು, ಮುಂದೆ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಗುಂಡ್ಲುಪೇಟೆಗೂ ಹಿಂದೆ ವಿಜಯಪುರವೆಂಬ ಹೆಸರಿದ್ದಿತು. ಊರಿನ ಹೆಸರುಗಳು ಹೋದುವು, ಬಂದುವು. ಊರಾಚೆಯ ಗೋಮಾಳದಲ್ಲಿ ಮಾತ್ರ ಕೆನ್ನೆಗ್ಗಿಲು ಕೆನ್ನೆಗ್ಗಿಲಾಗಿಯೇ ಉಳಿಯಿತು.

ಪರದೇಶದವರಲ್ಲಿ ಈ ಜಾನಪದ ಜ್ಞಾನಕ್ಕೆ ಕಿವಿಗೊಟ್ಟವರೂ ಇದ್ದರು. ಮದರಾಸಿನ ಸರ್ಕಾರದ ವೈದ್ಯನಾಗಿದ್ದ ವೈಟ್‌ಲಾ ಏನ್ಸ್ಲಿ ಎಂಬಾತನು 1826ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಔಷಧಿಗಳ ಗ್ರಂಥದಲ್ಲಿ ಚೆಪ್ಪುನೆರುಂಜಿಯನ್ನು ಅದರ ತಮಿಳು ಹೆಸರಿನಿಂದಲೇ ಸೇರಿಸಿಕೊಂಡು, ಅದರ ರಸವನ್ನು ಸ್ಕರ್ವಿ ರೋಗಕ್ಕೆ ಕೊಡುವರೆಂದು ಬರೆದಿರುವನು. ನಾಟಿವೈದ್ಯದ ಒಂದು ಮಾತು ಹೀಗೆ ಸಮುದ್ರವನ್ನು ದಾಟಿತು. ಆದರೆ ಕೆನ್ನೆಗ್ಗಿಲಿನ ಮುಖ್ಯವಾದ ಉಪಯೋಗವು ಔಷಧಿಯಲ್ಲ, ಮೇವು. ಆದುದರಿಂದ ನಾವು ಈಗ ಮೈಸೂರಿನ ದನಗಳ ಚರಿತ್ರೆಗೆ ಬರಬೇಕು.

ಗುಂಡ್ಲುಪೇಟೆಗೆ ಸಮೀಪದಲ್ಲಿ ಹಂಗಳವೆಂಬ ಗ್ರಾಮವುಂಟು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವುದಕ್ಕೆ ಮುಂಚೆ ಅಲ್ಲಿ ವಾಸವಾಗಿದ್ದರು. 1673ರಲ್ಲಿ ಸಿಂಹಾಸನವನ್ನೇರಿದ ಮೇಲೆ ತಂದೆಯವರ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ದೇವಾಲಯವನ್ನು ಕಟ್ಟಿಸಿದರು. ಅರಮನೆಯ ದನಗಳ ಇಲಾಖೆಯನ್ನು ಬೆಣ್ಣೆಚಾವಡಿಯೆಂಬ ಹೆಸರಿನಿಂದ ಕ್ರಮಪಡಿಸಿ, ರಾಜ್ಯದಲ್ಲಿ ಕಾವಲುಗಳನ್ನು ಮೀಸಲಿಟ್ಟವರೂ ಅವರೇ. ಮಳೆ ಕಡಿಮೆಯಾದ ಈ ಬಯಲಿನಲ್ಲಿ ಬೆಳೆಗಿಂತ ದನವೇ ಬಡವನ ಆಸ್ತಿಯೆಂಬುದನ್ನು ಹಂಗಳದಲ್ಲಿ ವರ್ಷಗಟ್ಟಲೆ ಇದ್ದ ರಾಜಕುಮಾರನು ಕಣ್ಣಾರೆ ಕಂಡಿರಬೇಕೆಂದು ನಾವು ಊಹಿಸಿದರೆ ತಪ್ಪಾಗಲಾರದು. ಬೆಣ್ಣೆಚಾವಡಿಯು ಟೀಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಆಯಿತು. ಹೈದರನ ಸೈನ್ಯವು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ರಕ್ಷಣೆಗೆ ಹೋದುದು ಈ ಎತ್ತುಗಳ ಬಲದಿಂದಲೇ ಎಂದು ಗೆಜೆಟಿಯರುಗಳು ಹೇಳುವುವು. 1860ರಲ್ಲಿ ಖರ್ಚು ಹೆಚ್ಚೆಂದು ಇಂಗ್ಲಿಷರು ಆ ಮಂದೆಗಳನ್ನು ಮಾರಿಬಿಟ್ಟರು. ಫಿರಂಗಿಯನ್ನೆಳೆಯಲು ತಕ್ಕ ಎತ್ತುಗಳು ಸಿಕ್ಕದಂತಾಗಲು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಮಂದೆಯನ್ನು ಒಂದು ಹರಾಜಿನಲ್ಲಿ ಚದುರಿಸಬಹುದು, ಒಂದು ಹರಾಜಿನಲ್ಲಿ ಕೊಂಡುತರಲಾಗದು ಎಂಬ ಪಾಠವನ್ನು ಸರ್ಕಾರವು ಹೀಗೆ ಕಲಿಯಿತು.

ಕಾವಲು ಗೋಮಾಳಗಳೆಂದರೆ ಬರಿಯ ಹುಲ್ಲಲ್ಲ. ಹುಲ್ಲಿನ ನಡುವೆ ಕೆನ್ನೆಗ್ಗಿಲಿನಂಥ ದ್ವಿದಳ ಸಸ್ಯಗಳಿದ್ದರೆ ಮಾತ್ರ ಅದು ತುಂಬಿದ ಮೇವು. ಈ ವಂಶದ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಕೊಡುವುವೆಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಎಂಬಾತನು 1886ರಲ್ಲಿ ತೋರಿಸಿಕೊಟ್ಟನು. ಆ ಸಾರವೇ ಸಸ್ಯದಲ್ಲಿ ದನವನ್ನು ಬಲಪಡಿಸುವ ಸಸಾರಜನಕವಾಗುವುದು. ಬೇರು ಎಲೆಗಳು ಕೊಳೆತ ಮೇಲೆ ಪಕ್ಕದ ಹುಲ್ಲಿಗೂ ಗೊಬ್ಬರವಾಗುವುದು. ಮೇಲಾಗಿ, ಮಳೆಯ ಹನಿಯು ಬರಿನೆಲಕ್ಕೆ ಬಿದ್ದರೆ ಮಣ್ಣನ್ನು ಎಬ್ಬಿಸಿ ಕೊಚ್ಚಿಕೊಂಡು ಹೋಗುವುದು. ಈ ಚಾಪೆಯ ಮೇಲೆ ಬಿದ್ದರೆ ಮೆಲ್ಲಗೆ ಇಳಿಯುವುದು. ಮಳೆಯು ಕೈಕೊಟ್ಟು ಹುಲ್ಲೆಲ್ಲ ಬೆಂಕಿಯ ಬಣ್ಣಕ್ಕೆ ತಿರುಗಿದಾಗ, ತಾಯಿಬೇರಿನ ಬಲದಿಂದ ಕೆನ್ನೆಗ್ಗಿಲು ಮಾತ್ರ ಹಸುರಾಗಿ ಉಳಿಯುವುದು.

ಅಂಥ ಕಾಲಗಳು ಈ ಸೀಮೆಗೆ ಅಪರೂಪವಲ್ಲ. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ನಮ್ಮ ಹಿರಿಯರು ಹೆಸರು ಹೇಳಲೂ ಅಂಜುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೆಳಕ್ಕೆ ಇಳಿಯಿತು. ಬರಗಾಲದಲ್ಲಿ ಮನುಷ್ಯನು ದನದ ಮೇವಿನಲ್ಲಿ ಪಾಲು ಕೇಳುವನು. ಕೆನ್ನೆಗ್ಗಿಲಿನ ಹತ್ತಿರದ ಬಂಧುಗಳಾದ ಕೆಲವು ಇಂಡಿಗೊಫೆರಗಳ ಬೀಜವನ್ನು ಭಾರತದ ಬೇರೆ ಬೇರೆ ಸೀಮೆಗಳಲ್ಲಿ ಬರಗಾಲದ ಜನರು ಹಿಟ್ಟುಮಾಡಿ ತಿಂದರೆಂದು 19ನೆಯ ಶತಮಾನದ ಗ್ರಂಥಗಳು ಬರೆದಿಟ್ಟಿವೆ. ಯಾವ ಗಿಡದ ಬೀಜ, ಎಷ್ಟು, ಹೇಗೆ ಎಂಬ ಜ್ಞಾನವು ಅಂದು ಪ್ರಾಣವನ್ನು ಉಳಿಸುವ ಜ್ಞಾನವಾಗಿದ್ದಿತು.

ಇಲ್ಲಿಯ ವರೆಗೆ ನಾವು ಕೆನ್ನೆಗ್ಗಿಲಿನ ಒಳ್ಳೆಯ ಮುಖವನ್ನು ಮಾತ್ರ ತೋರಿಸಿದೆವು. ಇನ್ನೊಂದು ಮುಖವನ್ನು ನೋಡಬೇಕಾದರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಏಷ್ಯದ ಉಷ್ಣದೇಶಗಳಿಂದ ಹಿಡಿದು ಆ ಖಂಡದ ವರೆಗೂ ಈ ಸಸ್ಯವು ತಾನಾಗಿಯೇ ಬೆಳೆಯುವುದು. ಅಲ್ಲಿಗೆ ಯಾರೂ ಅದನ್ನು ಕೊಂಡೊಯ್ಯಲಿಲ್ಲ. ಕ್ವೀನ್ಸ್‌ಲೆಂಡ್ ಪ್ರಾಂತದ ನೈರುತ್ಯದ ಮೂಲೆಯಲ್ಲಿ, ಮರುಭೂಮಿಯ ಅಂಚಿನಲ್ಲಿ, ಬರ್ಡ್ಸ್‌ವಿಲ್ ಎಂಬ ಊರುಂಟು. ಅಲ್ಲಿಯ ಕುದುರೆಗಳಿಗೆ ಒಂದು ವಿಚಿತ್ರವಾದ ಬೇನೆ ಬರುತ್ತಿದ್ದಿತು. ಕುದುರೆಯು ಮಂಕಾಗಿ, ಬಡಕಲಾಗಿ, ಹಿಂಗಾಲುಗಳ ಗೊರಸನ್ನು ನೆಲದ ಮೇಲೆ ಎಳೆಯುತ್ತ ನಡೆದು, ಕೊನೆಗೆ ಬೀಳುವುದು. ಇದಕ್ಕೆ ಕೆನ್ನೆಗ್ಗಿಲೇ ಕಾರಣವೆಂದು 1950ರ ದಶಕದಲ್ಲಿ ಅಲ್ಲಿಯ ಪಶುವೈದ್ಯರು ನಿರ್ಧರಿಸಿದರು. ಈಗ ಅಲ್ಲಿ ಆ ರೋಗಕ್ಕೂ ಸಸ್ಯಕ್ಕೂ ಬರ್ಡ್ಸ್‌ವಿಲ್ಲಿನ ಹೆಸರೇ ನಿಂತಿರುವುದು.

ಮುಂದಿನ ಸಂಶೋಧನೆಗಳಿಂದ ಸಸ್ಯದಲ್ಲಿ ಎರಡು ವಿಷಗಳುಂಟೆಂದು ತಿಳಿಯಿತು. ಒಂದು, ಇದರ ಬಂಧುವಾದ ಇನ್ನೊಂದು ಇಂಡಿಗೊಫೆರದಲ್ಲಿ 1968ರಲ್ಲಿ ಮೊದಲು ಕಂಡುಹಿಡಿದ ಇಂಡೋಸ್ಪಿಸಿನ್. ಅದು ಯಕೃತ್ತನ್ನು ಕೆಡಿಸುವುದು. ಇನ್ನೊಂದು 3-ನೈಟ್ರೋಪ್ರೊಪಿಯೋನಿಕ್ ಆಮ್ಲ. ಕುದುರೆಗಳ ನಡಿಗೆ ಕೆಡುವುದಕ್ಕೆ ಇದೇ ಕಾರಣವೆಂದು ಇತ್ತೀಚಿನ ಅಭಿಪ್ರಾಯ. ಇಂಡೋಸ್ಪಿಸಿನ್ ಮೇಯ್ದ ಪ್ರಾಣಿಯ ಮಾಂಸದಲ್ಲಿ ಬಹುಕಾಲ ನಿಲ್ಲುವುದು. ಅಂಥ ಕುದುರೆಗಳ ಮತ್ತು ಒಂಟೆಗಳ ಮಾಂಸವನ್ನು ತಿಂದ ನಾಯಿಗಳು ಆಸ್ಟ್ರೇಲಿಯಾದಲ್ಲಿ ಯಕೃತ್ತಿನ ಬೇನೆಯಿಂದ ಸತ್ತದ್ದುಂಟು.

ಒಂದೇ ಗಿಡವು ಚಾಮರಾಜನಗರದಲ್ಲಿ ಮೇವು, ಬರ್ಡ್ಸ್‌ವಿಲ್ಲಿನಲ್ಲಿ ವಿಷ! ಇದು ಹೇಗೆ? ಮೊದಲನೆಯದಾಗಿ, ಇಲ್ಲಿ ಮೇಯುವವು ಹೆಚ್ಚಾಗಿ ದನ, ಕುರಿ, ಆಡುಗಳು. ಮೆಲುಕುಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಆಮ್ಲವನ್ನು ಬಹುಮಟ್ಟಿಗೆ ಮುರಿದುಹಾಕಬಲ್ಲುವು. ಕುದುರೆಗೆ ಆ ಅನುಕೂಲವಿಲ್ಲ. ಎರಡನೆಯದು, ಮತ್ತು ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದುದು, ಮೇವಿನ ಮಿಶ್ರಣ. ಬರ್ಡ್ಸ್‌ವಿಲ್ಲಿನಲ್ಲಿ ರೋಗವು ಕಾಣಿಸಿಕೊಂಡುದು ಬರದ ಕಾಲದಲ್ಲಿ. ಬೇರೆಯೆಲ್ಲ ಒಣಗಿ ಹೋಗಿ, ಆಳವಾದ ಬೇರಿನಿಂದ ಬದುಕಿದ ಈ ಗಿಡವೊಂದೇ ಹಸುರಾಗಿದ್ದಾಗ ಕುದುರೆಗಳು ದಿನದಿನವೂ ಅದನ್ನೇ ತಿಂದುವು. ಹತ್ತು ಗಿಡಗಳಲ್ಲಿ ಒಂದಾಗಿದ್ದಾಗ ಆಹಾರವಾದುದು, ತಾನೊಂದೇ ಆದಾಗ ವಿಷವಾಯಿತು.

ನಮ್ಮ ಸೀಮೆಯಲ್ಲಿ ಕುದುರೆಗಳು ಇರಲಿಲ್ಲವೆಂದು ತಿಳಿಯಬೇಡಿ. 1790ರ ಸೆಪ್ಟೆಂಬರಿನಲ್ಲಿ ಟೀಪು ಸುಲ್ತಾನನು ದೊಡ್ಡ ಅಶ್ವಸೈನ್ಯದೊಡನೆ ಈ ಮೇಲುಸೀಮೆಯಿಂದ ಗಜ್ಜಲಹಟ್ಟಿಯ ಘಟ್ಟವನ್ನಿಳಿದು ಸತ್ಯಮಂಗಲದಲ್ಲಿ ಕರ್ನಲ್ ಫ್ಲಾಯ್ಡನ ಮೇಲೆ ಬಿದ್ದನು. ಅಂಥ ಸೈನ್ಯದ ಕುದುರೆಗಳು ದಾರಿಯ ಬಯಲುಗಳಲ್ಲಿ ಮೇಯದೆ ಇರಲಿಲ್ಲ. ಆದರೆ ಮೈಸೂರಿನ ಕುದುರೆಯು ಬಯಲನ್ನೇ ನಂಬಿದುದಲ್ಲ. ಬೇಯಿಸಿದ ಹುರುಳಿಯು ಅದರ ನಿತ್ಯದ ರಾತಿಬು. ಇಂಗ್ಲಿಷರು ಹುರುಳಿಗೆ ಕುದುರೆಯ ಕಡಲೆಯೆಂದೇ ಹೆಸರಿಟ್ಟರು. ಹೊಟ್ಟೆಯಲ್ಲಿ ಹುರುಳಿಯೂ ಹುಲ್ಲೂ ತುಂಬಿರುವ ಕುದುರೆಗೆ ಕೆನ್ನೆಗ್ಗಿಲು ನಾಲ್ಕು ತುತ್ತಾದೀತೇ ಹೊರತು ಊಟವಾಗಲಾರದು. ಅದರ ದಾಯಾದಿಯಾದ ಹುರುಳಿಯೇ ಅದರ ದೋಷವನ್ನು ಹೀಗೆ ಮರೆಮಾಡಿತೆಂದು ನಾವು ತರ್ಕಿಸಬಹುದು.

ಈ ವಿಚಾರವು ಹಳೆಯ ಕಥೆಯಾಗಿ ಮುಗಿಯುವುದಿಲ್ಲ. ಕೆನ್ನೆಗ್ಗಿಲು ಒಳ್ಳೆಯದಾಗಿರುವುದಕ್ಕೆ ಅದರ ಸುತ್ತಲೂ ಬೇರೆ ಹುಲ್ಲು ಸೊಪ್ಪುಗಳಿರಬೇಕು. ಅವಿರುವುದಕ್ಕೆ ವಿಶಾಲವಾದ ಗೋಮಾಳವಿರಬೇಕು. ಗ್ರಾಮದ ಪ್ರತಿ 100 ರಾಸುಗಳಿಗೆ 30 ಎಕರೆಗೆ ಕಡಿಮೆಯಿಲ್ಲದಂತೆ ಗೋಮಾಳವನ್ನು ಬಿಡತಕ್ಕದ್ದೆಂದು 1966ರ ಭೂಕಂದಾಯದ ನಿಯಮಗಳು ವಿಧಿಸಿದುವು. ಅದನ್ನು ಕಡಿಮೆಮಾಡುವ ಅಧಿಕಾರವನ್ನೂ ಅದೇ ನಿಯಮಗಳು ಜಿಲ್ಲಾಧಿಕಾರಿಗಳಿಗೆ ಕೊಟ್ಟುವು. ಬಾಗಿಲನ್ನೂ ಕಿಂಡಿಯನ್ನೂ ಒಟ್ಟಿಗೆ ಕಟ್ಟಿದಂತಾಯಿತು. ಆ ಕಿಂಡಿಯಿಂದ ಗೋಮಾಳವು ಸಾಗುವಳಿಗೂ ನಿವೇಶನಗಳಿಗೂ ಸ್ವಲ್ಪಸ್ವಲ್ಪವಾಗಿ ಹೊರಟುಹೋಯಿತು. ಭೂಮಿಯಿಲ್ಲದವನಿಗೆ ಭೂಮಿಯನ್ನು ಕೊಡುವುದು ನ್ಯಾಯವೇ. ಆದರೆ ಗೋಮಾಳವೂ ಭೂಮಿಯಿಲ್ಲದವನ ಭೂಮಿಯೇ ಆಗಿದ್ದಿತೆಂಬುದನ್ನು ಹಂಚುವವರು ಮರೆಯಬಾರದಾಗಿದ್ದಿತು. ಎರಡು ಆಡುಗಳನ್ನು ಸಾಕಿದ ವಿಧವೆಗೆ ಅದೇ ಹೊಲ, ಅದೇ ಬ್ಯಾಂಕು.

ಗೋಮಾಳವು ಕಿರಿದಾದಷ್ಟೂ ದನಗಳು ಅದೇ ನೆಲವನ್ನು ಮತ್ತೆ ಮತ್ತೆ ಕೆರೆಯುವುವು; ರುಚಿಯಾದ ಹುಲ್ಲುಗಳು ಮೊದಲು ಹೋಗುವುವು. ಅರಣ್ಯದ ಕಡೆಯಲ್ಲಿ ಕಷ್ಟವು ಬೇರೆ ರೀತಿಯದು. ಮೈಸೂರಿನ ಮಹಾರಾಜರ ಸರ್ಕಾರವು 1941ರಲ್ಲಿ ವೇಣುಗೋಪಾಲ ವನ್ಯಮೃಗಧಾಮವನ್ನಾಗಿ ಮಾಡಿದ ಬಂಡೀಪುರದ ಸೀಮೆಯು 1973ರಲ್ಲಿ ಹುಲಿಯೋಜನೆಗೆ ಸೇರಿತು. ಅಲ್ಲಿ ಮೇಯುವ ಜಿಂಕೆಗಳಿಗೂ ಬಿಸಿಲು ಬೀಳುವ ಬಯಲು ಬೇಕು. ಅಂಥ ಬಯಲನ್ನು ಇಂದು ಲಂಟಾನವು ಮುಚ್ಚುತ್ತಿರುವುದು. ತೋಟದ ಶೃಂಗಾರಕ್ಕೆಂದು 19ನೆಯ ಶತಮಾನದಲ್ಲಿ ಅಮೆರಿಕಾದಿಂದ ತಂದ ಗಿಡವದು. ಅದರ ಹಿಂದೆಯೇ ಹಳದಿಯ ಹೂವಿನ ಸೆನ್ನ ಸ್ಪೆಕ್ಟಾಬಿಲಿಸ್ ಎಂಬ ಮರವೂ ಹಬ್ಬುತ್ತಿರುವುದು. ಈ ಮರವೂ ದ್ವಿದಳ ವಂಶದ್ದೇ, ಕೆನ್ನೆಗ್ಗಿಲಿನ ದೂರದ ನೆಂಟನೇ. ಆದರೆ ನೆಲದಲ್ಲಿ ಮಲಗಿ ಬಿಸಿಲನ್ನು ನಂಬಿದ ಚಾಪೆಗಿಡಕ್ಕೆ ಈ ನೆಂಟನ ನೆರಳೇ ಮರಣ.

ಸಸ್ಯವು ಇಂದೇ ನಿರ್ನಾಮವಾಗುವುದೆಂದು ನಾವು ಹೆದರಿಸುವುದಿಲ್ಲ. ಅದು ಗಟ್ಟಿ ಜೀವ, ರಸ್ತೆಯಂಚಿನಲ್ಲಿಯಾದರೂ ಬದುಕೀತು. ಬದುಕಲಾರದೆ ಹೋಗುವುದು ಅದರ ಕುರಿತ ತಿಳಿವಳಿಕೆ. 1981ರಲ್ಲಿ ಆರ್. ಆರ್. ರಾವ್ ಮತ್ತು ಬಿ. ಎ. ರಜಿ ಎಂಬ ವಿದ್ವಾಂಸರು ಮೈಸೂರು ಜಿಲ್ಲೆಯ ಸಸ್ಯಸಂಪತ್ತನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಚಾಮರಾಜನಗರವೂ ಗುಂಡ್ಲುಪೇಟೆಯೂ ಆಗ ಮೈಸೂರಿಗೆ ಸೇರಿದ್ದುವು. 1997ರಲ್ಲಿ ಅವು ಬೇರೆ ಜಿಲ್ಲೆಯಾದುವು. ಅಂಥ ಗ್ರಂಥಗಳಿಂದ ಲ್ಯಾಟಿನ್ ಹೆಸರುಗಳಿಗೆ ಭಯವಿಲ್ಲ. ಆದರೆ ಯಾವ ತಿಂಗಳಲ್ಲಿ ಯಾವ ಬಯಲಿಗೆ ದನವನ್ನು ಬಿಡಬೇಕು, ಯಾವ ಗಿಡವು ಒಂದೇ ಆಗಿ ಉಳಿದಾಗ ಮಂದೆಯನ್ನು ಹಿಂದಕ್ಕೆ ತಿರುಗಿಸಬೇಕು ಎಂಬುದು ದನ ಕಾಯುವವರ ಬಾಯಿಂದ ಬಾಯಿಗೆ ಬರತಕ್ಕ ವಿದ್ಯೆ. ಮಂದೆಯೂ ಗೋಮಾಳವೂ ಇಲ್ಲದ ಮೇಲೆ ಅದು ಯಾರ ಬಾಯಲ್ಲಿ ನಿಂತೀತು?

ಆದುದರಿಂದ ವಿದ್ಯಾವಂತರಾದ ಶ್ರೋತೃಗಳಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಮನೆಯುಂಟು, ಮನೆಯಲ್ಲಿ ಹಿರಿಯರುಂಟು. ಮುಂದಿನ ಸಲ ಹೋದಾಗ ಅವರನ್ನು ಊರಿನ ಗೋಮಾಳಕ್ಕೆ, ಅದರಲ್ಲಿ ಉಳಿದಷ್ಟಕ್ಕೆ, ಕರೆದುಕೊಂಡು ಹೋಗಿ, ನೆಲದ ಮೇಲಿನ ಹತ್ತು ಗಿಡಗಳ ಹೆಸರನ್ನು ಕೇಳಿ ಬರೆದುಕೊಳ್ಳಿರಿ. ಹೆಸರಿನ ಜೊತೆಗೆ ಉಪಯೋಗವನ್ನೂ ದೋಷವನ್ನೂ ಕೇಳಿರಿ. ಊರಿನ ಗೋಮಾಳವು ಕಂದಾಯದ ಲೆಕ್ಕದಲ್ಲಿ ಎಷ್ಟು ಎಕರೆ, ಈಗ ನೆಲದ ಮೇಲೆ ಎಷ್ಟು ಎಂಬುದನ್ನೂ ವಿಚಾರಿಸಿರಿ. ಈ ಎರಡು ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟರೆ ಅದು ಆ ಊರಿನ ಚರಿತ್ರೆಯ ಒಂದು ಅಧ್ಯಾಯವಾಗುವುದು. ಬರೆದಿಡಬಲ್ಲವರು ನೀವು, ಹೇಳಬಲ್ಲವರು ಇನ್ನೂ ಇರುವರು.